ಎದೆನೋವು ಬಂದವರನ್ನು ಹತ್ತು ನಿಮಿಷ ನಿಲ್ಲಿಸಿಕೊಳ್ಳಿ

ಮಲೆನಾಡು ಮತ್ತು ಕರಾವಳಿಯ ಗ್ರಾಮ ಪಂಚಾಯಿತಿ ಅಧ್ಯಕ್ಷರು, ಉಪಾಧ್ಯಕ್ಷರು ಮತ್ತು ಸದಸ್ಯರೆಲ್ಲರಿಗೆ,

ನಿಮ್ಮ ಊರಿನಲ್ಲಿ ನಡುರಾತ್ರಿ ಯಾರಿಗಾದರೂ ಎದೆನೋವು ಬಂದರೆ ಎಷ್ಟೋ ಸಲ ಮೊದಲ ಫೋನು ಬರುವುದು ನಿಮಗೇ. ಆಮೇಲೆ 108, ಅದರ ಆಮೇಲೆ ಡಾಕ್ಟರು. ಯಾರ ಮನೆಯ ಕಾರು ತರಿಸುವುದು, ಜೊತೆಗೆ ಯಾರು ಹೋಗುವುದು, ಯಾವ ಆಸ್ಪತ್ರೆಗೆ ಒಯ್ಯುವುದು ಎಂಬುದನ್ನೆಲ್ಲ ನಿಂತ ಕಾಲಲ್ಲೇ ತೀರ್ಮಾನಿಸುವವರು ನೀವು. ತಾಲ್ಲೂಕು ಆಸ್ಪತ್ರೆಗಳಲ್ಲಿ ಕೆಲಸ ಮಾಡಿ ನಿವೃತ್ತನಾದ ವೈದ್ಯ ನಾನು. ಇದನ್ನು ಹತ್ತಿರದಿಂದ ಕಂಡವನು. ಅದಕ್ಕೇ ಈ ಪತ್ರವನ್ನು ಇಲಾಖೆಗೆ ಬರೆಯದೆ ನಿಮಗೆ ಬರೆಯುತ್ತಿದ್ದೇನೆ.

ಹೇಳಬೇಕಾದ್ದು ಮುಖ್ಯವಾಗಿ ಒಂದೇ. ಎದೆನೋವಿನವರನ್ನು ಗಾಡಿಗೆ ಹತ್ತಿಸಿ ಸೀದಾ ಮಂಗಳೂರಿಗೋ ಮಣಿಪಾಲಕ್ಕೋ ಶಿವಮೊಗ್ಗಕ್ಕೋ ಓಡಿಸಬೇಡಿ. ದಾರಿಯಲ್ಲಿ ಮೊದಲು ಸಿಗುವ, ಇಸಿಜಿ ಯಂತ್ರವಿರುವ ಆಸ್ಪತ್ರೆಯಲ್ಲಿ ಹತ್ತು ನಿಮಿಷ ನಿಲ್ಲಿಸಿ. ಅಷ್ಟರಲ್ಲಿ ಇಸಿಜಿ ತೆಗೆದು ದೂರದ ಊರಿನ ಹೃದ್ರೋಗ ತಜ್ಞರಿಗೆ ಫೋನಿನಲ್ಲೇ ಕಳಿಸಬಹುದು, ಅವರ ಸಲಹೆ ಪಡೆಯಬಹುದು. ಆ ಹತ್ತು ನಿಮಿಷ ಕಳೆದುಕೊಂಡ ಸಮಯವಲ್ಲ. ಚಿಕಿತ್ಸೆ ಶುರುವಾಗುವುದೇ ಅಲ್ಲಿಂದ.

ಇದು ಯಾಕೆ ಎಂದು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಕಾರಣ ಗೊತ್ತಿದ್ದರೆ ಆಸ್ಪತ್ರೆಯ ಬಾಗಿಲಲ್ಲಿ ಜನ ಸೇರಿ ಅವಸರಪಡಿಸುವಾಗ ನೀವು ಗಟ್ಟಿಯಾಗಿ ನಿಲ್ಲುತ್ತೀರಿ.

ಹೃದಯದ ಮಾಂಸಖಂಡಕ್ಕೆ ರಕ್ತ ಒಯ್ಯುವ ನಾಳವೊಂದರಲ್ಲಿ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚುವುದೇ ಹೃದಯಾಘಾತ. ನಾಳ ಪೂರ್ತಿ ಮುಚ್ಚಿದ ಅರ್ಧ ಗಂಟೆಯ ಹೊತ್ತಿಗೆ ಅದನ್ನು ನಂಬಿಕೊಂಡ ಮಾಂಸಖಂಡ ಸಾಯತೊಡಗುತ್ತದೆ. ಗಂಟೆಗಳು ಉರುಳಿದಂತೆ ಸಾಯುವ ಭಾಗ ಹಿಗ್ಗುತ್ತದೆ. ಸತ್ತ ಮಾಂಸಖಂಡ ಮತ್ತೆ ಬೆಳೆಯುವುದಿಲ್ಲ. ರೋಗಿ ಬದುಕಿದರೂ ಗುಡ್ಡ ಹತ್ತಲಾರ, ಕೊನೆಗೆ ಅಂಗಳ ದಾಟುವಾಗಲೇ ಏದುಸಿರು. ಈ ಕಟ್ಟನ್ನು ಬಿಡಿಸಲು ಎರಡು ದಾರಿಗಳಿವೆ. ಒಂದು, ಕ್ಯಾಥ್ ಲ್ಯಾಬ್ ಇರುವ ಆಸ್ಪತ್ರೆಯಲ್ಲಿ ಆಂಜಿಯೋಪ್ಲಾಸ್ಟಿ. ಇನ್ನೊಂದು, ಹೆಪ್ಪು ಕರಗಿಸುವ ಇಂಜೆಕ್ಷನ್. ಇಸಿಜಿಯಲ್ಲಿ ರೋಗ ಗೊತ್ತಾದ ಎರಡು ಗಂಟೆಯೊಳಗೆ ಆಂಜಿಯೋಪ್ಲಾಸ್ಟಿ ಮಾಡಲಾಗದಿದ್ದರೆ ಕಾಯದೆ ಇಂಜೆಕ್ಷನ್ ಕೊಡಿ ಎಂಬುದು ಹೃದ್ರೋಗ ತಜ್ಞರು ಒಪ್ಪಿಕೊಂಡಿರುವ ನಿಯಮ. ಇಲ್ಲಿ ಎರಡು ಗಂಟೆ ಎಂದರೆ ದೊಡ್ಡ ಆಸ್ಪತ್ರೆಯ ಗೇಟು ಮುಟ್ಟುವ ಲೆಕ್ಕ ಅಲ್ಲ. ಆಂಜಿಯೋಪ್ಲಾಸ್ಟಿಯ ತಂತಿ ನಾಳದ ಕಟ್ಟನ್ನು ದಾಟುವ ತನಕದ ಲೆಕ್ಕ.

ಈಗ ನಿಮ್ಮ ರಸ್ತೆಗಳನ್ನು ನೆನೆಸಿಕೊಳ್ಳಿ. ಶೃಂಗೇರಿ, ಕೊಪ್ಪ, ಹೊಸನಗರದ ಒಳಊರುಗಳಿಂದ ಹೊರಟು ಘಾಟಿ ಇಳಿದು, ಆಸ್ಪತ್ರೆ ಸೇರಿ, ಸ್ಟ್ರೆಚರ್ ಹತ್ತಿ, ಸಹಿ ಹಾಕಿ, ಕ್ಯಾಥ್ ಲ್ಯಾಬಿನ ಮೇಜು ಏರುವುದಕ್ಕೆ ಎಷ್ಟು ಹೊತ್ತು? ಮಳೆಗಾಲದಲ್ಲಿ ಆಗುಂಬೆಯಲ್ಲೋ ಚಾರ್ಮಾಡಿಯಲ್ಲೋ ಧರೆ ಕುಸಿದರೆ ಕೇಳುವುದೇ ಬೇಡ. ನಮ್ಮ ಕಡೆಯ ಬಹುಪಾಲು ಜನರಿಗೆ ಸರಿಯಾದ ದಾರಿ, ಮೊದಲು ಹತ್ತಿರದಲ್ಲಿ ಇಂಜೆಕ್ಷನ್, ಆಮೇಲೆ ದೂರದಲ್ಲಿ ಆಂಜಿಯೋಗ್ರಾಂ. ಆದರೆ ಆ ಇಂಜೆಕ್ಷನ್ ಅನ್ನು ಕೇವಲ ಎದೆನೋವು ಕೇಳಿ ಕೊಡುವಂತಿಲ್ಲ. ಇಸಿಜಿಯಲ್ಲಿ ಆ ಬಗೆಯ ಆಘಾತದ ಗುರುತು ಕಾಣಲೇಬೇಕು. ತಪ್ಪಾಗಿ ಕೊಟ್ಟರೆ ಮಿದುಳಿನಲ್ಲಿ ರಕ್ತಸ್ರಾವವಾಗಬಹುದು. ಹಾಗಾಗಿ ಎಂಬಿಬಿಎಸ್ ಮುಗಿಸಿ ಬಂದ ಯುವ ವೈದ್ಯರೊಬ್ಬರು ರಾತ್ರಿ ಎರಡು ಗಂಟೆಗೆ ಒಬ್ಬರೇ ನಿಂತು ಆ ನಿರ್ಧಾರ ಮಾಡಲು ಹಿಂಜರಿಯುವುದು ಸಹಜ. ಅವರ ಬೆನ್ನಿಗೆ ಆ ಕ್ಷಣದಲ್ಲೇ ತಜ್ಞರೊಬ್ಬರು ಬೇಕು. ಇಸಿಜಿಯನ್ನು ದೂರದ ತಜ್ಞರಿಗೆ ಕಳಿಸುವ ಟೆಲಿ-ಇಸಿಜಿಯ ಪ್ರಯೋಜನ ಇರುವುದು ಇಲ್ಲಿ.

ಕಣ್ಣಾರೆ ಕಂಡ ಒಂದು ರಾತ್ರಿಯನ್ನು ಹೇಳುತ್ತೇನೆ. ಆಷಾಢದ ಮಳೆ. ಐವತ್ತರ ಆಸುಪಾಸಿನ ಹೆಂಗಸೊಬ್ಬರನ್ನು ಜೀಪಿನಲ್ಲಿ ಕರೆತಂದರು. ಎದೆ ನೋಯುತ್ತದೆ ಎಂದು ಆಕೆ ಹೇಳಲೇ ಇಲ್ಲ. "ದವಡೆ ಸೆಳೀತಿದೆ ಡಾಕ್ಟ್ರೇ, ಹೊಟ್ಟೆ ತೊಳೆಸ್ತದೆ. ಸಂಜೆ ಹಲಸಿನ ಕಡುಬು ತಿಂದಿದ್ದೆ, ಗ್ಯಾಸ್ಟ್ರಿಕ್ ಇರ್ಬೇಕು" ಎಂದರು. ಕುತ್ತಿಗೆ, ಹಣೆಯ ಮೇಲೆಲ್ಲ ತಣ್ಣನೆಯ ಬೆವರು. ಹೊರಗೆ ಜೊತೆಗೆ ಬಂದವರ ಗದ್ದಲ: "ಇಲ್ಲಿ ಏನೂ ಇಲ್ಲ, ಸುಮ್ಮನೆ ಹೊತ್ತು ಹೋಗ್ತದೆ, ಮಣಿಪಾಲಕ್ಕೆ ಬರ್ದು ಕೊಡಿ." ಅವರ ನಡುವೆ ಇದ್ದ ಪಂಚಾಯಿತಿ ಸದಸ್ಯರೊಬ್ಬರು ಒಳಗೆ ಬಂದು ಎಷ್ಟು ಹೊತ್ತು ಬೇಕು ಎಂದು ಕೇಳಿದರು. ಹತ್ತು ನಿಮಿಷ ಎಂದೆ. ಅವರು ಹೋಗಿ ಬಾಗಿಲಲ್ಲಿ ನಿಂತು ಉಳಿದವರನ್ನು ಸುಮ್ಮನಾಗಿಸಿದರು.

ಸಿಸ್ಟರ್ ಒಂದು ಬೆಡ್‌ಶೀಟನ್ನೇ ಪರದೆಯಂತೆ ಕಟ್ಟಿದರು. ಟವೆಲಿನಿಂದ ಎದೆಯ ಬೆವರು ಒರೆಸಿದರು. ಒದ್ದೆ ಚರ್ಮದ ಮೇಲೆ ಲೀಡು ನಿಲ್ಲುವುದಿಲ್ಲ. ಕೈಕಾಲಿಗೆ ನಾಲ್ಕು ಕ್ಲಿಪ್ಪು. ಎದೆಗೆ ಆರು ಬಲ್ಬು. ಮೊದಲನೆಯದು ಎದೆಮೂಳೆಯ ಬಲಕ್ಕೆ, ನಾಲ್ಕನೆಯ ಪಕ್ಕೆಲುಬಿನ ಕೆಳಗಿನ ಸಂದಿನಲ್ಲಿ, ಎರಡನೆಯದು ಅದೇ ಸಂದಿನ ಎಡಬದಿಗೆ. ಪಕ್ಕೆಲುಬುಗಳನ್ನು ಬೆರಳಿನಿಂದ ಒಂದೊಂದಾಗಿ ಎಣಿಸಿಯೇ ಇಟ್ಟರು. ಕಾಗದ ಹೊರಗೆ ಬಂದದ್ದೇ ಅದರ ಮೇಲೆ ಹೆಸರಿನ ಬದಲು ಓಪಿಡಿ ನಂಬರು, ವಯಸ್ಸು, ಸಮಯ, ಬಿಪಿ ಬರೆದು, ಮೇಜಿನ ಮೇಲೆ ಚಪ್ಪಟೆಯಾಗಿ ಹರಡಿ, ಫ್ಲ್ಯಾಶ್ ಆರಿಸಿ ಫೋಟೊ ತೆಗೆದು ವೈದ್ಯರ ವಾಟ್ಸಾಪ್ ಗುಂಪಿಗೆ ಹಾಕಿದೆವು. ಸ್ವಲ್ಪ ಹೊತ್ತಿಗೆ ಉತ್ತರ ಬಂತು: ಹೃದಯದ ಕೆಳಭಾಗಕ್ಕೆ ಆಘಾತವಾಗಿದೆ, ಬಲಗಡೆಯ ಲೀಡು ಇಟ್ಟು ಇನ್ನೊಂದು ಇಸಿಜಿ ತೆಗೆಯಿರಿ, ಸದ್ಯಕ್ಕೆ ನಾಲಿಗೆ ಕೆಳಗೆ ಸಾರ್ಬಿಟ್ರೇಟ್ ಇಡಬೇಡಿ.

ಆ ಕೊನೆಯ ಮಾತನ್ನು ಗಮನಿಸಿ. ಎದೆನೋವು ಎಂದ ಕೂಡಲೇ ನಾಲಿಗೆ ಕೆಳಗೆ ಸಾರ್ಬಿಟ್ರೇಟ್ ಇಡುವುದು ಬಹಳ ಕಡೆ ರೂಢಿಯಾಗಿದೆ. ಆದರೆ ಹೃದಯದ ಬಲಭಾಗಕ್ಕೂ ಏಟು ಬಿದ್ದಿದ್ದರೆ ಅದೇ ಮಾತ್ರೆಯಿಂದ ಬಿಪಿ ಪಾತಾಳಕ್ಕೆ ಇಳಿಯಬಹುದು. ಆಕೆಗೆ ಬಲಭಾಗಕ್ಕೂ ಏಟು ಬಿದ್ದಿತ್ತು. ಸಲೈನ್ ಓಡಿಸಿ, ಆಸ್ಪತ್ರೆಯಲ್ಲಿದ್ದ ಹೆಪ್ಪು ಕರಗಿಸುವ ಸ್ಟ್ರೆಪ್ಟೊಕೈನೇಸ್ 15 ಲಕ್ಷ ಯೂನಿಟ್ ಅನ್ನು ಡ್ರಿಪ್‌ನಲ್ಲಿ ಕೊಟ್ಟೆವು. ಅದು ಮುಗಿಯುವ ಹೊತ್ತಿಗೆ ದವಡೆಯ ಸೆಳೆತ ಇಳಿಯಿತು, ಮತ್ತೆ ತೆಗೆದ ಇಸಿಜಿಯಲ್ಲೂ ಎದ್ದಿದ್ದ ಗೆರೆ ತಗ್ಗಿತ್ತು. ಆಮೇಲೆ ಆಂಬುಲೆನ್ಸಿನಲ್ಲಿ ಘಾಟಿ ಇಳಿಸಿದೆವು. ಮಾರನೆಯ ದಿನ ಸ್ಟೆಂಟ್ ಹಾಕಿದರು. ಆಕೆ ಮನೆಗೆ ಮರಳಿದರು. ಬಾಗಿಲಲ್ಲಿ ನಿಂತ ಆ ಸದಸ್ಯರು ಇಲ್ಲದೇ ಹೋಗಿದ್ದರೆ ಆ ಜೀಪು ಘಾಟಿಯ ಕಡೆಗೆ ತಿರುಗುತ್ತಿತ್ತು. ಅವರ ಮೇಲಿನ ಗೌರವವೂ ಈ ಪತ್ರಕ್ಕೆ ಒಂದು ಕಾರಣ.

ದೂರದಿಂದ ಇಸಿಜಿ ನೋಡುವುದು ಈಗಿನ ಹೊಸ ಮೋಜು ಎಂದು ಯಾರೂ ಭಾವಿಸಬಾರದು. ಇಸಿಜಿಯನ್ನು ರೂಪಿಸಿದ ನೆದರ್ಲೆಂಡ್ಸಿನ ವಿಲ್ಲೆಮ್ ಐಂಥೋವನ್ 1905ರಲ್ಲೇ ಲೈಡನ್ ಊರಿನ ಆಸ್ಪತ್ರೆಯಲ್ಲಿದ್ದ ರೋಗಿಗಳ ಹೃದಯದ ಸಂಕೇತವನ್ನು ದೂರವಾಣಿ ತಂತಿಯ ಮೂಲಕ ಸುಮಾರು ಒಂದೂವರೆ ಕಿಲೋಮೀಟರ್ ಆಚೆಯ ತನ್ನ ಪ್ರಯೋಗಾಲಯಕ್ಕೆ ತರಿಸಿಕೊಂಡಿದ್ದರು. ಅವರ ಯಂತ್ರ ಎಷ್ಟು ಭಾರಿಯಾಗಿತ್ತೆಂದರೆ ಅದನ್ನು ರೋಗಿಯ ಬಳಿಗೆ ಹೊರುವುದು ಸಾಧ್ಯವಿರಲಿಲ್ಲ. 1924ರಲ್ಲಿ ಅವರಿಗೆ ನೊಬೆಲ್ ಬಂತು. ನಮ್ಮಲ್ಲಿ 2002ರ ಸುಮಾರಿಗೆ ಇಸ್ರೋ ಉಪಗ್ರಹದ ಮೂಲಕ ಚಾಮರಾಜನಗರ ಜಿಲ್ಲಾಸ್ಪತ್ರೆಯನ್ನೂ ಎಚ್.ಡಿ. ಕೋಟೆ ಸೀಮೆಯ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಯನ್ನೂ ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಲಾಯಿತು. ಕಾಡಂಚಿನ ಜನರ ಇಸಿಜಿಯನ್ನು ಬೆಂಗಳೂರಿನ ತಜ್ಞರು ನೋಡಲು ಆಗ ಆಸ್ಪತ್ರೆಯಲ್ಲಿ ಉಪಗ್ರಹದ ಡಿಶ್ಶೇ ಬೇಕಿತ್ತು. ಇವತ್ತು ಅದೇ ಕೆಲಸಕ್ಕೆ ನಿಮ್ಮ ಜೇಬಿನ ಫೋನು ಸಾಕು.

2018ರಲ್ಲಿ ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಅವರು ಹಿಡಿದದ್ದು ಇದೇ ದಾರಿ. ‘ಕಾರ್ಡಿಯಾಲಜಿ ಅಟ್ ಡೋರ್‌ಸ್ಟೆಪ್’ ಎಂಬ ಹೆಸರಿನಲ್ಲಿ ಹಳ್ಳಿಗಾಡಿನ ವೈದ್ಯರನ್ನೂ ತಜ್ಞರನ್ನೂ ವಾಟ್ಸಾಪ್ ಗುಂಪುಗಳಲ್ಲಿ ಒಟ್ಟುಗೂಡಿಸಿದರು. ದಾನಿಗಳ ನೆರವಿನಿಂದ ಕರಾವಳಿ, ಮಲೆನಾಡಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಉಚಿತವಾಗಿ ಇಸಿಜಿ ಯಂತ್ರ ಕೊಡಿಸಿದರು. ನಿಮ್ಮಲ್ಲಿ ಹಲವರ ಊರಿನಲ್ಲಿ ಅಂಥ ಯಂತ್ರ ಇರಬಹುದು, ವಿಚಾರಿಸಿ.

ಸರ್ಕಾರದ ಕಡೆಯಿಂದ ಬಂದದ್ದು ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ. 2021ರ ಅಕ್ಟೋಬರ್ 29ರಂದು 46ನೆಯ ವಯಸ್ಸಿಗೆ ಹೋದ ಆ ನಟನ ಹೆಸರಿನಲ್ಲಿ ಇದು ಶುರುವಾಯಿತು. ತಾಲ್ಲೂಕು, ಜಿಲ್ಲಾಸ್ಪತ್ರೆಗಳಲ್ಲಿ ತೆಗೆದ ಇಸಿಜಿ ಕೆಲವೇ ನಿಮಿಷಗಳಲ್ಲಿ ಪರಿಶೀಲನೆಯಾಗುತ್ತದೆ. ಮೊದಲು ಕಂಪ್ಯೂಟರ್, ಆಮೇಲೆ ತಜ್ಞರು ನೋಡುತ್ತಾರೆ. ಜಯದೇವದಂಥ ದೊಡ್ಡ ಆಸ್ಪತ್ರೆಗಳು ಕೇಂದ್ರವಾಗಿ ನಿಂತು ಸಲಹೆ ಕೊಡುತ್ತವೆ. ಬೇಕಾದವರಿಗೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತ. ಹೊರಗೆ ಕೊಂಡರೆ ಹತ್ತಾರು ಸಾವಿರ ರೂಪಾಯಿ ಬೆಲೆಯ ಔಷಧಿ ಇದು. ಹಳೆಯ ಸ್ಟ್ರೆಪ್ಟೊಕೈನೇಸಿನಂತೆ ಅರ್ಧ ಗಂಟೆಯಿಂದ ಒಂದು ಗಂಟೆಯ ಡ್ರಿಪ್ ಬೇಡ, ತೂಕ ನೋಡಿಕೊಂಡು ಕೆಲವು ಸೆಕೆಂಡುಗಳಲ್ಲಿ ಒಮ್ಮೆಲೇ ಕೊಡುವಂಥದ್ದು. ಸರ್ಕಾರದ ಯೋಜನೆಗಳನ್ನು ಬಹಳ ನೋಡಿದ್ದೇನೆ. ಇದರ ಬುಡ ಗಟ್ಟಿಯಾಗಿದೆ ಎಂಬುದು ನನ್ನ ನಂಬಿಕೆ.

ಹಾಗಾದರೆ ತೊಡಕು ಎಲ್ಲಿ? ತಜ್ಞರ ಕಡೆ ಇರುವುದಕ್ಕಿಂತ ಹೆಚ್ಚು ನಮ್ಮ ಕಡೆಯೇ ಇದೆ. ಇಸಿಜಿ ರೋಲ್ ಮುಗಿದು ವಾರವಾಗಿರುತ್ತದೆ, ಇಂಡೆಂಟ್ ಹಾಕಿ ಕಾಯುತ್ತಿರುತ್ತಾರೆ. ಯಂತ್ರದ ಬ್ಯಾಟರಿ ಸತ್ತಿರುತ್ತದೆ. ಮಳೆಗಾಲದ ರಾತ್ರಿ ಕರೆಂಟು ಹೋದರೆ ಯಂತ್ರವೂ ಹೋಯಿತು. ಒಂದು ಬಲ್ಬಿನ ರಬ್ಬರು ಹರಿದಿರುತ್ತದೆ. ಬಲಗೈಯ ಲೀಡು ಎಡಗೈಗೆ ಹೋದರೆ ಇಸಿಜಿಯ ಚಿತ್ರವೇ ಬದಲಾಗುತ್ತದೆ, ದೂರದಲ್ಲಿ ಕೂತ ತಜ್ಞರಿಗೆ ಕಾಣುವುದು ಆ ತಪ್ಪು ಚಿತ್ರವೇ. ತರಬೇತಿ ಪಡೆದ ಸಿಸ್ಟರ್‌ಗೆ ವರ್ಗವಾಗುತ್ತದೆ, ಹೊಸಬರಿಗೆ ಯಾರೂ ಕಲಿಸಿರುವುದಿಲ್ಲ. ಹಗಲು ಇಸಿಜಿ ತೆಗೆಯಬಲ್ಲವರು ರಾತ್ರಿ ಪಾಳಿಯಲ್ಲಿ ಇರುವುದಿಲ್ಲ. ಇವುಗಳಲ್ಲಿ ಒಂದಕ್ಕೂ ಹೃದ್ರೋಗ ತಜ್ಞ ಬೇಕಿಲ್ಲ. ನಾಲ್ಕು ಜನ ಜವಾಬ್ದಾರರು ಕೇಳುವವರಿದ್ದರೆ ಇವೆಲ್ಲ ಸರಿಯಾಗುತ್ತವೆ.

ಆ ಕೇಳುವ ಹಕ್ಕು ನಿಮಗಿದೆ. ಆರೋಗ್ಯ ಕೇಂದ್ರದ ಆರೋಗ್ಯ ರಕ್ಷಾ ಸಮಿತಿಯಲ್ಲಿ, ಹಳ್ಳಿಯ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿಯಲ್ಲಿ ಜನಪ್ರತಿನಿಧಿಗಳಿಗೆ ಜಾಗ ಇರುವುದು ಸಹಿ ಹಾಕಿ ಚಹಾ ಕುಡಿಯುವುದಕ್ಕಲ್ಲ. ಮುಂದಿನ ಸಭೆಗೆ ಹೋದಾಗ ಇಸಿಜಿ ಯಂತ್ರ ತೋರಿಸಿ ಎನ್ನಿ. ನಿಮ್ಮ ಎದುರೇ ಒಂದು ಇಸಿಜಿ ತೆಗೆಯಲು ಹೇಳಿ, ನಿಮ್ಮದನ್ನೇ ತೆಗೆಸಿಕೊಂಡರೂ ಒಳ್ಳೆಯದು. ಕರೆಂಟಿನ ಪ್ಲಗ್ ಕಿತ್ತು ಇನ್ನೊಂದು ತೆಗೆಸಿ. ರಾತ್ರಿ ಪಾಳಿಯಲ್ಲಿ ಯಾರು ತೆಗೆಯುತ್ತಾರೆ ಎಂದು ಕೇಳಿ, ಉತ್ತರ ತಡವರಿಸಿದರೆ ಬಿಡಬೇಡಿ. ಹೃದಯ ಜ್ಯೋತಿಯಲ್ಲಿ ನಿಮ್ಮ ತಾಲ್ಲೂಕು ಆಸ್ಪತ್ರೆ ಸೇರಿದೆಯೇ, ಸೇರಿದ್ದರೆ ಇಂಜೆಕ್ಷನ್ ಸದ್ಯಕ್ಕೆ ದಾಸ್ತಾನಿನಲ್ಲಿದೆಯೇ, ಅದರ ಅವಧಿ ಯಾವಾಗ ಮುಗಿಯುತ್ತದೆ ಎಂಬುದನ್ನೂ ತಿಳಿದುಕೊಳ್ಳಿ.

ಪರದೆಯ ಮಾತೊಂದನ್ನು ವಿಶೇಷವಾಗಿ ಹೇಳಬೇಕು. ಇಸಿಜಿಗೆ ಎದೆ ತೆರೆಯಬೇಕು. ನಮ್ಮ ಹೆಂಗಸರು ಹತ್ತು ಜನ ಇಣುಕುವ ಕೋಣೆಯಲ್ಲಿ ಸೆರಗು ಸರಿಸುವುದಕ್ಕಿಂತ ನೋವು ನುಂಗುವುದೇ ಲೇಸೆಂದುಕೊಳ್ಳುತ್ತಾರೆ. ಬಟ್ಟೆಯ ಮೇಲಿಂದಲೇ ಲೀಡು ಇಡಲು ಹೋಗಿ ಕೆಟ್ಟುಹೋದ ಇಸಿಜಿಗಳನ್ನು ಕಂಡಿದ್ದೇನೆ. ಮೊದಲೇ ಹೆಂಗಸರ ಹೃದಯಾಘಾತ ಬೇಗ ಪತ್ತೆಯಾಗುವುದಿಲ್ಲ. ಎದೆಯ ಬದಲು ದವಡೆ, ಬೆನ್ನು, ಸುಸ್ತು, ವಾಕರಿಕೆ ಎಂದು ಅದು ಬರುವುದುಂಟು. ಸಕ್ಕರೆ ಕಾಯಿಲೆ ಇರುವವರಲ್ಲೂ ಹಾಗೆಯೇ. ಇಸಿಜಿ ಕೋಣೆಗೆ ಒಂದು ಪರದೆ, ಆಗುವುದಾದರೆ ಲೀಡು ಇಡಲು ಹೆಣ್ಣು ಸಿಬ್ಬಂದಿ: ಇಷ್ಟನ್ನು ಈ ತಿಂಗಳೇ ಮಾಡಬಹುದು.

ಆಶಾ ಕಾರ್ಯಕರ್ತೆಯರನ್ನು ಜೊತೆಗೆ ಕರೆದುಕೊಳ್ಳಿ. ಯಾರ ಮನೆಯಲ್ಲಿ ಬಿಪಿ, ಸಕ್ಕರೆ ಇದೆ, ಯಾರು ಮಾತ್ರೆ ಬಿಟ್ಟಿದ್ದಾರೆ ಎಂಬುದು ಅವರಿಗೆ ಗೊತ್ತಿರುತ್ತದೆ. ‘ಬೆವರು, ಎದೆಯಲ್ಲಿ ಒತ್ತಿದ ಹಾಗೆ, ಎಡಗೈಗೋ ದವಡೆಗೋ ಹರಿಯುವ ನೋವು, ಕಾಲು ಗಂಟೆ ಕಳೆದರೂ ಹೋಗದಿದ್ದರೆ ಇಸಿಜಿ’ ಎಂಬ ಮಾತನ್ನು ಮನೆಮನೆಗೆ ಮುಟ್ಟಿಸಬಲ್ಲವರು ಅವರೇ. ಓಮದ ಕಷಾಯ ಕುಡಿದು, ಸೋಡಾ ಕುಡಿದು ಬೆಳಗಾಗಲಿ ಎಂದು ಕಾಯುವ ಅಭ್ಯಾಸದಿಂದ ಎಷ್ಟು ಮನೆಗಳು ದೀಪ ಆರಿಸಿಕೊಂಡಿವೆ ಎಂಬುದು ನಿಮಗೂ ಗೊತ್ತು.

ಇಸಿಜಿಯ ಫೋಟೊ ನಿಮ್ಮ ಪಂಚಾಯಿತಿಯ ವಾಟ್ಸಾಪ್ ಗುಂಪಿಗೆ ಬರಬಾರದು. ಅದು ಒಬ್ಬರ ದೇಹದ ಗುಟ್ಟು. ವೈದ್ಯರ ನಡುವೆ ಓಡಾಡಬೇಕಾದ ಕಾಗದ ಊರೆಲ್ಲ ತಿರುಗಿದರೆ ಮುಂದೆ ಯಾರೂ ನಂಬಿ ಬರುವುದಿಲ್ಲ. ಸಹಾಯ ಮಾಡುವ ಉತ್ಸಾಹದಲ್ಲಿ ಫಾರ್ವರ್ಡ್ ಮಾಡುವವರನ್ನು ದಯವಿಟ್ಟು ತಡೆಯಿರಿ.

ಈ ವ್ಯವಸ್ಥೆಯ ಮಿತಿಯನ್ನೂ ನಿಮಗೆ ಹೇಳದೆ ಇರಲಾರೆ. ಇಸಿಜಿ ನಾರ್ಮಲ್ ಬಂದರೆ ಹೃದಯ ಚೆನ್ನಾಗಿದೆ ಎಂದು ಖಾತ್ರಿಯಾದಂತಲ್ಲ. ಆಘಾತ ಶುರುವಾದ ಹೊಸತರಲ್ಲಿ ಗೆರೆ ಬದಲಾಗದೇ ಇರಬಹುದು. ನೋವು ಮುಂದುವರಿದರೆ ಅರ್ಧ ಗಂಟೆಯೊಳಗೆ ಮತ್ತೆ ತೆಗೆಯಬೇಕು, ಟ್ರೊಪೊನಿನ್ ರಕ್ತಪರೀಕ್ಷೆ ಮಾಡಬೇಕು. ಆದ್ದರಿಂದ "ಇಸಿಜಿ ಸರಿ ಇದೆ, ಮನೆಗೆ ಹೋಗಿ" ಎಂದರೂ ನೋವು ಹೋಗದಿದ್ದರೆ ರೋಗಿಯನ್ನು ಅಲ್ಲಿಂದ ಕದಲಿಸಬೇಡಿ. ಎಲ್ಲರಿಗೂ ಇಂಜೆಕ್ಷನ್ ಕೊಡಲೂ ಬರುವುದಿಲ್ಲ. ಇತ್ತೀಚೆಗೆ ಪಾರ್ಶ್ವವಾಯು ಆದವರು, ದೊಡ್ಡ ಶಸ್ತ್ರಚಿಕಿತ್ಸೆ ಆದವರು, ಬಿಪಿ ಹತೋಟಿಗೇ ಬಾರದವರು, ಇಂಥವರಿಗೆ ಅದು ಅಪಾಯ. ವೈದ್ಯರು ಕೊಡುವುದಿಲ್ಲ ಎಂದಾಗ ದಬಾಯಿಸಬೇಡಿ. ಇಂಜೆಕ್ಷನ್ ಕೊಟ್ಟು ನೋವು ಹೋದವರು "ಹುಷಾರಾಯಿತಲ್ಲ" ಎಂದು ಮನೆಗೆ ತಿರುಗುವುದೂ ತಪ್ಪು. ಸಾಮಾನ್ಯವಾಗಿ ಒಂದು ದಿನದೊಳಗೆ ಆಂಜಿಯೋಗ್ರಾಂ ಆಗಬೇಕು. ಹೆಪ್ಪು ಕರಗಿದ್ದರೂ ಅದು ಕೂತಿದ್ದ ಜಾಗದ ಕೊಬ್ಬಿನ ಗಂಟು ಅಲ್ಲೇ ಇರುತ್ತದೆ. ಇನ್ನು ಕವಾಟದ ತೊಂದರೆ, ಮಕ್ಕಳ ಹುಟ್ಟುರೋಗ ಇವಕ್ಕೆ ಎಕೋ ಬೇಕು, ಅದಕ್ಕೆ ಪಳಗಿದ ಕೈ ಬೇಕು. ಫೋನು ಆ ಕೈಯಾಗಲಾರದು.

2025ರ ಜೂನಿನಲ್ಲಿ ಹಾಸನದ ಹೃದಯಾಘಾತದ ಸಾವುಗಳ ಸುದ್ದಿ ಹರಡಿದಾಗ ಏನಾಯಿತು ನೋಡಿ. ಗಾಬರಿಬಿದ್ದ ಜನ ಬೆಳಕು ಹರಿಯುವ ಮೊದಲೇ ಮೈಸೂರಿನ ಜಯದೇವದ ಎದುರು ಸಾಲು ನಿಂತರು. ಆಮೇಲೆ ತಜ್ಞರ ಸಮಿತಿ ಪರಿಶೀಲಿಸಿ, ಹೃದಯಾಘಾತದ ಸಾವುಗಳಲ್ಲಿ ಅಸಹಜ ಏರಿಕೆ ಕಾಣುವುದಿಲ್ಲ, ಕೆಲವು ಸಾವುಗಳಿಗೆ ಹೃದಯ ಕಾರಣವೇ ಅಲ್ಲ ಎಂದು ಹೇಳಿತು. ಆ ಸಾಲಿನಲ್ಲಿ ಬರೀ ಭಯದಿಂದ ಬಂದವರೂ ಇದ್ದರು, ತುರ್ತಾಗಿ ನೋಡಬೇಕಾದವರೂ ಇದ್ದರು. ಇಬ್ಬರನ್ನೂ ಅವರವರ ತಾಲ್ಲೂಕಿನಲ್ಲೇ ಬೇರ್ಪಡಿಸುವುದಕ್ಕೆ ಬೇಕಾದದ್ದು ಬಿಪಿ, ಸಕ್ಕರೆ ನೋಡಿ ಒಂದು ಇಸಿಜಿ ತೆಗೆದು ತಜ್ಞರಿಗೆ ಕಳಿಸುವ ವ್ಯವಸ್ಥೆ. ಅದು ಹತ್ತಿರದಲ್ಲಿದೆ ಎಂದು ಜನರಿಗೆ ನಂಬಿಕೆ ಬಂದಿದ್ದರೆ ಆ ಸಾಲು ಅಷ್ಟು ಉದ್ದ ಆಗುತ್ತಿರಲಿಲ್ಲ.

ಸ್ಟೆಂಟ್ ಹಾಕಿಸಿಕೊಂಡು ಬಂದವರ ಕಥೆಯೂ ಇದೇ. ಪ್ರತಿ ಸಲ ಬಿಪಿ ತೋರಿಸಿ ಚೀಟಿ ಬರೆಸಿಕೊಳ್ಳಲು ಒಂದು ದಿನದ ಕೂಲಿ, ಬಸ್ಸಿನ ದುಡ್ಡು ಕಳೆದುಕೊಂಡು ದೂರದ ಊರಿಗೆ ಹೋಗಲಾರದೆ ಮಾತ್ರೆಯನ್ನೇ ನಿಲ್ಲಿಸುತ್ತಾರೆ. ಸ್ಟೆಂಟ್ ಹಾಕಿದ ಮೊದಲ ತಿಂಗಳುಗಳಲ್ಲಿ ರಕ್ತ ತೆಳು ಮಾಡುವ ಮಾತ್ರೆ ನಿಲ್ಲಿಸಿದರೆ ಸ್ಟೆಂಟ್ ಒಳಗೇ ಹೆಪ್ಪುಗಟ್ಟಬಹುದು. ಆರೋಗ್ಯ ಕೇಂದ್ರದಲ್ಲೇ ಕೂತು ಸರ್ಕಾರದ ಆನ್‌ಲೈನ್ ಸೇವೆಯಾದ ಇ-ಸಂಜೀವನಿಯಲ್ಲಿ ತಜ್ಞರೊಡನೆ ಮಾತಾಡಿಸಿದರೆ ಎಷ್ಟೋ ಓಡಾಟ ತಪ್ಪುತ್ತದೆ.

ಉತ್ತರ ಕನ್ನಡದವರು 2019ರಲ್ಲೂ 2022ರಲ್ಲೂ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ದನಿ ಎತ್ತಿದರು. ಶೃಂಗೇರಿಯವರು ನೂರು ಹಾಸಿಗೆಯ ಆಸ್ಪತ್ರೆಗಾಗಿ ಹೋರಾಡಿದರು. ಆ ಬೇಡಿಕೆಗಳು ನ್ಯಾಯವಾದವು, ಕೈಬಿಡಬೇಡಿ. ಫೋನಿನಲ್ಲಿ ಡಾಕ್ಟರು ಸಿಗುತ್ತಾರಲ್ಲ, ಆಸ್ಪತ್ರೆ ಯಾಕೆ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಆದರೆ ಕಟ್ಟಡ ಏಳುವುದಕ್ಕೆ ವರ್ಷಗಳು ಹಿಡಿಯುತ್ತವೆ, ಎದ್ದ ಮೇಲೂ ತಜ್ಞರು ಬಂದು ನೆಲೆಸುವುದಕ್ಕೆ ಇನ್ನಷ್ಟು. ಅಲ್ಲಿಯ ತನಕ ನಿಮ್ಮ ಜನರ ಎದೆನೋವು ಕಾಯುವುದಿಲ್ಲ.

ಆದ್ದರಿಂದ ನನ್ನ ವಿನಂತಿ ಇಷ್ಟು. ನಿಮ್ಮ ಮುಂದಿನ ಗ್ರಾಮಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯ ಸೇರಿಸಿ. ಹಗಲೂ ರಾತ್ರಿಯೂ ಇಸಿಜಿ ತೆಗೆದು ತಜ್ಞರಿಗೆ ಕಳಿಸುವ ಅತಿ ಹತ್ತಿರದ ಆಸ್ಪತ್ರೆ ಯಾವುದು ಎಂದು ಖುದ್ದಾಗಿ ಹೋಗಿ ಪತ್ತೆಹಚ್ಚಿ. ಅದರ ಹೆಸರನ್ನೂ ಫೋನ್ ನಂಬರನ್ನೂ ಪಂಚಾಯಿತಿ ಕಚೇರಿ, ನ್ಯಾಯಬೆಲೆ ಅಂಗಡಿ, ಹಾಲಿನ ಡೇರಿ, ಬಸ್ ನಿಲ್ದಾಣದ ಗೋಡೆಗಳ ಮೇಲೆ ದೊಡ್ಡದಾಗಿ ಬರೆಸಿ. ಊರಿನ ಜೀಪು, ಆಟೊ ಓಡಿಸುವವರಿಗೆಲ್ಲ ಅದನ್ನು ಬಾಯಿಪಾಠ ಮಾಡಿಸಿ. ಅಂಥ ಆಸ್ಪತ್ರೆ ಹತ್ತಿರದಲ್ಲಿ ಒಂದೂ ಇಲ್ಲವೆಂದು ಗೊತ್ತಾದರೆ ಆ ಮಾತನ್ನೇ ನಿರ್ಣಯವಾಗಿ ಬರೆದು ಜಿಲ್ಲಾ ಆರೋಗ್ಯಾಧಿಕಾರಿಗೂ ನಿಮ್ಮ ಶಾಸಕರಿಗೂ ಕಳಿಸಿ, ಉತ್ತರ ಬರುವ ತನಕ ಬಿಡಬೇಡಿ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಸರ್ಕಾರಿ ವೈದ್ಯ